ಹೆಂಡತಿಯಿಲ್ಲದ ನನ್ನ ಗಂಡ

ಆಲ್ಝೈಮರ್ ಕಾಯಿಲೆಯ ಗಂಡನನ್ನು ಕಟ್ಟಿಕೊಂಡು ಪ್ರವಾಸ ಹೊರಡಬೇಡ ಎಂದು ನನಗೆ ಬುದ್ಧಿ ಹೇಳದವರೇ ಉಳಿದಿರಲಿಲ್ಲ. ಪರಿಚಿತ ಜಾಗ, ಪರಿಚಿತ ಮುಖ, ಇವೆರಡೇ ಔಷಧ ಎಂದರು ಡಾಕ್ಟರು. ಹಾಗೆನ್ನುವಾಗ ಅವರ ಕಣ್ಣು ಬಾಗಿಲಾಚೆ ಕುಳಿತಿದ್ದ ಮುಂದಿನ ರೋಗಿಯ ಮೇಲಿತ್ತು. ಪರಿಚಿತ ಮುಖವಂತೆ! ದಿನಾ ಬೆಳಿಗ್ಗೆ ನನ್ನ ಮುಖ ನೋಡಿ ‘ನೀವು ಯಾವಾಗ ಬಂದ್ರಿ?’ ಎಂದು ವಿಚಾರಿಸುವವರಿಗೆ ನನ್ನ ಮುಖವಾದರೇನು, ಗೋಡೆಯ ಮೇಲಿನ ಕ್ಯಾಲೆಂಡರಾದರೇನು? ನಾದಿನಿ ಶಕುಂತಲಾ ಕೂಡ ಬೇಡವೆಂದಳು. ಬಾಳೆಹಣ್ಣು ಹಿಡಿದುಕೊಂಡು ಬಂದು, ಅಣ್ಣನ ತಲೆ ಸವರಿ, ಎರಡು ಹನಿ ಕಣ್ಣೀರು ಹಾಕಿ, ಚಹಾ ಆರುವುದರೊಳಗೆ ಹೊರಟುಬಿಡುವ ಶಕುಂತಲಾ. “ಪಾಪ, ಅಣ್ಣಗ ತ್ರಾಸ ಆಗ್ತದ ವೈನಿ” ಎಂದಳು. ಪಾಪ ಎನ್ನುವ ಶಬ್ದವನ್ನು ಕಂಡುಹಿಡಿದವರು ಯಾರೋ, ಅವರು ಕೈಯಲ್ಲಿ ಕೆಲಸವಿಲ್ಲದವರೇ ಇರಬೇಕು.

ನನಗೆ ಸಮುದ್ರ ನೋಡಬೇಕಿತ್ತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು ನಾನು. ಕಡಲು, ಶರಧಿ, ಅಂಬುಧಿ, ವಾರಿಧಿ ಎಂದು ಬೋರ್ಡಿನ ಮೇಲೆ ಬರೆದು ಬರೆದು ಬೆರಳು ಸವೆದಿತ್ತು; ಕಣ್ಣಾರೆ ನೋಡಿದ್ದು ಊರಿನ ಕೆರೆ ಒಂದನ್ನೇ. ನಮಗೆ ಮಕ್ಕಳಿಲ್ಲ. ಗಂಡನನ್ನು ಬಿಟ್ಟು ಹೋಗಲು ಯಾರ ಮನೆಯೂ ಇರಲಿಲ್ಲ, ಶಕುಂತಲಾಳ ಮನೆಯಲ್ಲಂತೂ ಸದಾ ಯಾವುದೋ ಮದುವೆಯ ಗಡಿಬಿಡಿ. ಹಾಗಾಗಿ ಅವರನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಅವರ ಸಂತೋಷಕ್ಕೆಂದು ಹೊರಟೆ ಎಂದು ನಾನು ಯಾರಿಗೂ ಹೇಳಲಿಲ್ಲ. ನನ್ನ ಸಂತೋಷಕ್ಕೇ ಹೊರಟದ್ದು.

ನಮ್ಮವರ ಹೆಸರು ಚನ್ನಮಲ್ಲಪ್ಪ. ನಮ್ಮೂರಿನಲ್ಲಿ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಈಗ ಆ ಊರಿನ ರಸ್ತೆಗಳಲ್ಲಿ ಗಾಡಿ ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವರ ಬೈಗುಳ ತಿಂದು ಕಲಿತವರೇ. ಬಸ್ಸಿನಲ್ಲಿ ತಿರುವು ಬಂದಾಗಲೆಲ್ಲ ಅವರ ಬಲಗಾಲು ನೆಲ ಒತ್ತುತ್ತಿತ್ತು. ಅದೊಂದನ್ನು ಕಾಲು ಮರೆತಿರಲಿಲ್ಲ. ಉಳಿದದ್ದನ್ನೆಲ್ಲ ತಲೆ ಒಂದೊಂದಾಗಿ ಕೈಬಿಟ್ಟಿತ್ತು: ಮೊದಲು ಬೀಗದ ಕೈ ಎಲ್ಲಿಟ್ಟದ್ದು, ಆಮೇಲೆ ಮನೆಯ ದಾರಿ, ಆಮೇಲೆ ನಾನು.

ಸಂಜೆಗೆ ಬಸ್ಸು ಘಟ್ಟದ ನೆತ್ತಿಯ ಮೇಲಿನ ಒಂದು ಊರಿನಲ್ಲಿ ನಿಂತಿತು. ಅಲ್ಲಿಂದ ಮುಂದೆ ಇಳಿಜಾರು, ಇಳಿದರೆ ಸಮುದ್ರ. ಕಂಡಕ್ಟರು ಊರಿನ ಹೆಸರು ಕೂಗಲಿಲ್ಲ, ನಾನೂ ಕೇಳಲಿಲ್ಲ. ರಸ್ತೆಗೆ ಅಡ್ಡಲಾಗಿ ಬಿದಿರಿನ ಗಳ, ಪಕ್ಕದಲ್ಲಿ ಕುರ್ಚಿ, ಕುರ್ಚಿಯ ಮೇಲೆ ಖಾಕಿ ಟೋಪಿಯ ಈರಣ್ಣನೆಂಬ ನಾಕಾ ಕಾಯುವವ. ಎಲ್ಲರೂ ಇಳಿದು ಅವನ ಮುಂದೆ ತಾವು ಯಾರೆಂದು ಹೇಳಿ ದಾಟಬೇಕು. ನಮ್ಮ ಮುಂದಿದ್ದ ಕಡ್ಡಿಯಂಥ ಮನುಷ್ಯ, ಅಂಗಿಯ ತೋಳು ಹರಿದವನು, “ನಾನು ಈ ಸೀಮೆಯ ದೇಸಾಯಿ” ಎಂದ. ಈರಣ್ಣ ಎದ್ದು ನಿಂತು ಸಲಾಮು ಹೊಡೆದ. ನನಗೆ ನಗು ಬಂತು. ಆ ಊರಿನಲ್ಲಿ ನಾನು ಮನಸಾರೆ ನಕ್ಕದ್ದು ಅದೇ ಮೊದಲು, ಅದೇ ಕೊನೆ.

“ನೀವ್ರೀ ಅಕ್ಕಾರ?”

“ನಾನು ನೀಲಗಂಗಾ. ಇವರ ಹೆಂಡತಿ.”

“ಆತು. ನೀವ್ರೀ, ಹಿರಿಯರ?”

ನಮ್ಮವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮರ್ಯಾದೆಯಿಂದ ಒಂದು ಹೆಜ್ಜೆ ಆಚೆ ಸರಿದರು. “ನನಗ ಇನ್ನೂ ಲಗ್ನ ಆಗಿಲ್ಲರಿ,” ಎಂದರು. “ಇವರು ಬಸ್ಸಿನ್ಯಾಗ ಬಾಜೂಕ ಕೂತಿದ್ರು. ಭಾಳ ಮಾತಾಡ್ತಾರ.”

“ಎಲ್ಲಿಗೆ ಹೊಂಟೀರಿ?”

“ಎಲ್ಲಿಗೂ ಇಲ್ಲ. ಇದಽ ನಮ್ಮೂರು.”

“ಆತು,” ಎಂದ ಈರಣ್ಣ. ಅಷ್ಟೇ. ನಮ್ಮವರು ಅಂಗಿಯ ತೋಳು ಮಡಚುತ್ತ ಊರೊಳಗೆ ನಡೆದರು, ಹುಟ್ಟಿ ಬೆಳೆದ ಊರಿಗೆ ರಜೆಗೆ ಬಂದವರ ಹಾಗೆ.

ನಾನು ಈರಣ್ಣನಿಗೆ ಕಾಯಿಲೆಯ ವಿಷಯ ಹೇಳಿದೆ. ಮೊಬೈಲಿನಲ್ಲಿದ್ದ ನಮ್ಮಿಬ್ಬರ ಫೋಟೊ ಹಿಡಿದೆ. ಅವನು ಯಾರದೋ ಬಚ್ಚಲಮನೆ ಕಂಡವನಂತೆ ಮುಖ ತಿರುಗಿಸಿದ. “ಅವೆಲ್ಲಾ ನಾವು ನೋಡಂಗಿಲ್ಲರಿ. ನೀವು ಅವರ ಹೆಂಡ್ತಿ, ಖರೆ. ಅವರಿಗೆ ಹೆಂಡ್ತಿ ಇಲ್ಲ, ಅದೂ ಖರೆ.”

“ಎರಡೂ ಹೆಂಗ ಖರೆ ಆಗ್ತಾವೊ ಮಹಾರಾಯ?”

“ಇಬ್ಬರೂ ಹೇಳೀರಲ್ಲರೀ.”

“ಹಂಗಾರ ಅವರನ್ನ ಕರಕೊಂಡು ಹೋಗ್ತೀನಿ, ಬಸ್ಸು ನಿಲ್ಲಸು.”

“ಊರವರನ್ನ ಹಂಗ ಕರಕೊಂಡು ಹೋಗಾಕ ಬರಂಗಿಲ್ಲರಿ. ಇಬ್ಬರ ಮಾತೂ ಕೂಡಬೇಕು. ದಿನಾ ಮುಂಜಾನೆ ಕಟ್ಟಿ ಹತ್ರ ಎಲ್ಲರೂ ಯಾರ್ಯಾರಂತ ಹೇಳ್ತಾರ. ನಾಳೆ ಅವರು ಬ್ಯಾರೆ ಹೇಳಿದ್ರ ಬ್ಯಾರೆ.”

ಬಸ್ಸು ಗಳದ ಆಚೆ ಹೋಗಿ ಇಳಿಜಾರಿನಲ್ಲಿ ಮರೆಯಾಯಿತು. ಇನ್ನೊಂದು ಬಸ್ಸು ಸಂತೆಯ ದಿನಕ್ಕೇ. ನಾನು ಎರಡು ಚೀಲ ಹೊತ್ತುಕೊಂಡು ಹೆಂಡತಿಯಿಲ್ಲದ ನನ್ನ ಗಂಡನನ್ನು ಹುಡುಕುತ್ತ ಹೋದೆ.

ಸಿಕ್ಕಿದ್ದು ತುಂಗವ್ವನ ಖಾನಾವಳಿಯಲ್ಲಿ. ಎಂದೂ ಹಸಿವೆ ಎನ್ನದವರು ಬಿಸಿ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ಝುಣಕದ ಜೊತೆ ತಿನ್ನುತ್ತಿದ್ದರು. ತುಂಗವ್ವ ದಪ್ಪ ಬಳೆಗಳ, ಅಗಲ ನಗೆಯ ಹೆಂಗಸು. ನಮಗೆ ಒಂದು ಕೋಣೆ ಕೊಡು ಎಂದರೆ ಅವಳಿಗೆ ಗಾಬರಿಯಾಯಿತು. “ಅಯ್ಯ, ಲಗ್ನ ಆಗದ ಗಂಡಸಿನ ಕೋಣ್ಯಾಗ ನಿಮ್ಮನ್ನ ಹೆಂಗ ಬಿಡ್ಲೆವ್ವಾ?” ಎಂದು ನನಗೆ ಅಂಗಳದ ಆಚೆಯ ಕೋಣೆ ಕೊಟ್ಟಳು. ಅಂಗಳದಲ್ಲಿ ಒಬ್ಬ ಮುದುಕ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದ. ಅವನು ತುಂಗವ್ವನ ಗಂಡ. ಒಂದು ದಿನ ಬೆಳಿಗ್ಗೆ ಕಟ್ಟೆಯ ಹತ್ತಿರ ‘ನಾನು ಖಾನಾವಳಿಯ ಗಿರಾಕಿ’ ಎಂದನಂತೆ. ಆವತ್ತಿನಿಂದ ಅವನು ಗಿರಾಕಿ. ಕರೆದಾಗ ಬಂದು ಉಣ್ಣುತ್ತಾನೆ, ಉಪ್ಪು ಕಡಿಮೆಯಾದರೆ ‘ಬಾಯಾರ, ಸ್ವಲ್ಪ ಉಪ್ಪು’ ಎನ್ನುತ್ತಾನೆ. “ನಿನಗ ಸಿಟ್ಟು ಬರಲಿಲ್ಲೇನು?” ಎಂದು ಕೇಳಿದೆ. “ಗಿರಾಕಿ ಮ್ಯಾಲೆ ಯಾರರ ಸಿಟ್ಟು ಮಾಡ್ತಾರೇನ್ರಿ?” ಎಂದಳು. ನಾನು ಬಾಗಿಲ ಮೇಲಿದ್ದ ಅವಳ ಹೆಸರಿನ ಹಲಗೆಯನ್ನು ತೋರಿಸಿ, ಅದು ‘ಖಾನಾವಳ್ಳಿ’ ಅಲ್ಲ, ಒಂದೇ ಳಕಾರ, ಎಂದೆ. “ಹೌದ್ರೀ? ನಾನು ಬರದಿದ್ದು ಹಂಗಽ ಐತಿ ನೋಡ್ರಿ” ಎಂದು ಒಳಗೆ ಹೋದಳು. ಜೀವಮಾನವಿಡೀ ತಪ್ಪನ್ನು ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆದವಳಿಗೆ ಆ ಊರು ಬಾಯಿಗೆ ಬಟ್ಟೆ ತುರುಕಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಅರಳಿಕಟ್ಟೆಯ ಸುತ್ತ ಊರೆಲ್ಲ ಸೇರಿತು. ಹಲ್ಲುಪುಡಿಯ ವಾಸನೆ ಹೋಗದ ಬಾಯಿಗಳಿಂದ ಒಬ್ಬೊಬ್ಬರೂ ತಾವು ಯಾರೆಂದು ಹೇಳಿದರು. ಚಹಾದಂಗಡಿಯವನು ತಾನು ಚಹಾದಂಗಡಿಯವನೆಂದ. ಬೇರೆ ಏನನ್ನಾದರೂ ಹೇಳಲು ಅವನಿಗೆ ಬೇಸರ. ನಿನ್ನೆಯ ದೇಸಾಯಿ ಇವತ್ತು ಅಗಸನಾಗಿದ್ದ. ಕಾಶವ್ವನೆಂಬ, ತಲೆಯ ಅರ್ಧ ಬೆಳ್ಳಗಾದವಳು ತಾನು ಮದುವೆಗೆ ಬಂದ ಹುಡುಗಿ ಎಂದು ಸೆರಗಿನ ತುದಿ ಕಚ್ಚಿಕೊಂಡಳು. ಯಾರೂ ನಗಲಿಲ್ಲ. ಇನ್ನೊಬ್ಬಳು ಬಂದು, “ನಾನು ಬಸೂನ ಅವ್ವ. ಅಂವ ಸಾಲಿಗೆ ಹೋಗ್ಯಾನ” ಎಂದಳು. “ಹೌದವ್ವಾ, ಹೋಗ್ಯಾನ” ಎಂದು ಎಲ್ಲರೂ ಒಟ್ಟಿಗೆ ಅಂದರು. ಬಸೂ ಸತ್ತು ಬಹಳ ವರ್ಷವಾಯಿತೆಂದು ತುಂಗವ್ವ ನನ್ನ ಕಿವಿಯಲ್ಲಿ ಹೇಳಿದಳು. ನಾನು ಬಾಯಿ ತೆರೆದೆ. ಆ ಹೆಂಗಸು ನನ್ನ ಕಡೆ ನೋಡಿದಳು. ತೆರೆದ ಬಾಯನ್ನು ಮುಚ್ಚಿಕೊಂಡೆ.

ನಮ್ಮವರ ಸರದಿ ಬಂತು. ತಲೆ ಬಾಚಿಕೊಂಡು, ಕಾಲರ್ ಗುಂಡಿ ಹಾಕಿಕೊಂಡು ನಿಂತಿದ್ದರು. ಮನೆಯಲ್ಲಿ ಅವರ ಗುಂಡಿ ಹಾಕುವುದಕ್ಕೆ ನಾನು ಎಷ್ಟು ಗುದ್ದಾಡುತ್ತಿದ್ದೆ! “ನಾನು ಕನ್ಯಾ ನೋಡಾಕ ಬಂದ ವರ,” ಎಂದರು.

ಆ ಜನಕ್ಕೆ ಇಷ್ಟು ಸಾಕು. ಮಧ್ಯಾಹ್ನದೊಳಗೆ ಖಾನಾವಳಿಯ ಹಜಾರದಲ್ಲಿ ಜಮಖಾನೆ ಹಾಸಿ, ಅವಲಕ್ಕಿ ಒಗ್ಗರಣೆ ಮಾಡಿ, ಕಾಶವ್ವನ ತಲೆಗೆ ಮಲ್ಲಿಗೆ ಮುಡಿಸಿ ಕೂರಿಸಿಬಿಟ್ಟರು. ವರನ ಕಡೆಯಿಂದ ಒಬ್ಬ ಹೆಂಗಸಾದರೂ ಇರಬೇಕಲ್ಲ ಎಂದು ತುಂಗವ್ವ ನನ್ನ ಕೋಣೆಗೆ ಬಂದಳು. “ಬಸ್ಸಿನ್ಯಾಗ ಬಾಜೂಕ ಕೂತಿದ್ರಿ ಅಂತಲ್ಲರಿ, ಅಷ್ಟು ಪರಿಚಯ ಸಾಕು. ಬರ್ರಿ.” ಅವಳ ಮುಖದ ಮೇಲೆ ಕುಚೋದ್ಯದ ಒಂದು ಗೆರೆಯಾದರೂ ಇದ್ದಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದೆ. ಇರಲಿಲ್ಲ. ಹೋದೆ. ನನ್ನ ಗಂಡನ ಕನ್ಯೆ ನೋಡುವ ಕಾರ್ಯಕ್ರಮದಲ್ಲಿ ಗಂಡಿನ ಕಡೆಯವಳಾಗಿ ಜಮಖಾನೆಯ ಮೇಲೆ ಕುಳಿತೆ. ಇಂಥ ಭಾಗ್ಯ ಎಷ್ಟು ಹೆಂಗಸರಿಗಿದೆ?

ಕಾಶವ್ವ ಅವಲಕ್ಕಿಯ ತಾಟು ತಂದು ಇಟ್ಟಳು. ಚಮಚ ಕೆಳಗೆ ಬಿತ್ತು. ಅವಳು ನಕ್ಕಳು, ಬಾಯಿ ತುಂಬ, ಒಂದು ಹಲ್ಲಿಲ್ಲದ ಜಾಗ ಕಾಣುವ ಹಾಗೆ. ನಮ್ಮವರೂ ನಕ್ಕರು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು, “ಹುಡಿಗಿ ಹೆಂಗದಾಳ್ರಿ ಅಕ್ಕಾರ?”

“ಮೂಗು ಸೊಟ್ಟ ಐತಿ,” ಎಂದೆ.

“ಮೂಗು ಇರಲಿ ಬಿಡ್ರಿ. ನಗ್ತಾಳ. ನಮ್ಮ ಮನ್ಯಾಗ ಯಾರೂ ನಗಂಗಿಲ್ಲ.”

ಅವಲಕ್ಕಿಯಲ್ಲಿ ಶೇಂಗಾ ಇತ್ತು. ಒಂದೊಂದೇ ಕಾಳನ್ನು ಕಚ್ಚಿ ಕಚ್ಚಿ ಪುಡಿ ಮಾಡಿದೆ, ಹಲ್ಲು ನೋಯುವವರೆಗೆ. ನಗಬೇಕಂತೆ. ಸ್ನಾನ ಮಾಡಿಸುವವಳು ನಾನು, ಬೀದಿಬೀದಿ ಹುಡುಕಿ ಕರೆತರುವವಳು ನಾನು, ಅನ್ನದ ತುತ್ತು ನುಂಗಿರಿ ನುಂಗಿರಿ ಎಂದು ಗಂಟಲು ಹರಿದುಕೊಳ್ಳುವವಳು ನಾನು; ನಗುವುದಕ್ಕೆ ಮಾತ್ರ ಹಲ್ಲಿಲ್ಲದ ಕಾಶವ್ವ ಬೇಕು. ಚಹಾ ಕುಡಿಯದೆ ಎದ್ದು ಬಂದೆ. ನನ್ನ ಹಿಂದೆ ಎಲ್ಲರೂ ‘ಗಂಡಿನ ಕಡೆಯವರಿಗೆ ಸಿಟ್ಟು ಬರೋದು ಇದ್ದದ್ದೇ’ ಎಂದು ಸಮಾಧಾನದಿಂದ ಮಾತಾಡಿಕೊಂಡರು.

ಆ ಮದುವೆ ಆಗಲಿಲ್ಲ. ಮರುದಿನ ಕಟ್ಟೆಯ ಹತ್ತಿರ ನಮ್ಮವರು, ತಾವು ಅಪ್ಪನಿಗೆ ಕಾಯುತ್ತಿರುವುದಾಗಿ ಹೇಳಿದರು. ಕಾಶವ್ವ ಮುಡಿದಿದ್ದ ಬಾಡಿದ ಮಲ್ಲಿಗೆ ತೆಗೆದು ದನದ ಮುಂದೆ ಹಾಕಿ, “ಆತು ಬಿಡ್ರಿ” ಎಂದಳು. ಅವಳಿಗೆ ಬೇಜಾರಾದದ್ದೂ ಕಾಣಲಿಲ್ಲ. ಸಿಟ್ಟಿಲ್ಲ, ಸೆಡವಿಲ್ಲ, ಒಂದು ಜಗಳವಿಲ್ಲ. ಹೇಳಿದ್ದೆಲ್ಲ ಖರೆಯಾದ ಮೇಲೆ ಜಗಳಕ್ಕೆ ಕಾರಣವಾದರೂ ಎಲ್ಲಿಂದ ಬರಬೇಕು? ಬೀದಿಯಲ್ಲಿ ನಾಯಿಗಳೂ ಬೊಗಳದೆ ಬಿದ್ದುಕೊಂಡಿರುತ್ತಿದ್ದವು. ಸಕ್ಕರೆ ನೀರಿನಲ್ಲಿ ನೆನೆಸಿಟ್ಟ ಊರು.

ನಮ್ಮವರು ಅಪ್ಪನಿಗಾಗಿ ಇಡೀ ದಿನ ಜಗುಲಿಯ ಮೇಲೆ ಕುಳಿತರು. ನಮ್ಮೂರಿನಲ್ಲಿ ಹೀಗೆ ಹಟ ಹಿಡಿದಾಗ ನಾನು ‘ನಿಮ್ಮಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು’ ಎನ್ನುತ್ತಿದ್ದೆ. ಅವರು ಆಗಷ್ಟೇ ಸುದ್ದಿ ಕೇಳಿದವರಂತೆ ಅಳುತ್ತಿದ್ದರು. ಅತ್ತು ಮುಗಿಸಿ ಮತ್ತೆ ಕೇಳುತ್ತಿದ್ದರು. ಇಲ್ಲಿ ಹೋಗಿ ಬರುವವರೆಲ್ಲ ‘ಬರ್ತಾರ ಬಿಡ್ರಿ, ಪ್ಯಾಟಿಗೆ ಹೋಗ್ಯಾರ’ ಎನ್ನುತ್ತಿದ್ದರು. ಬೆಳ್ಳುಳ್ಳಿಯ ಮುದುಕ ಅವರ ಪಕ್ಕ ಕುಳಿತು ತಾನೂ ಕಾದ. ಸಂಜೆಯಾದರೂ ಅವರು ಚಡಪಡಿಸಲಿಲ್ಲ, ಬಾಗಿಲು ಬಡಿಯಲಿಲ್ಲ. ಅವರ ಮುಖದ ಗಂಟುಗಳೆಲ್ಲ ಬಿಚ್ಚಿಹೋಗಿದ್ದವು. ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾನು ಬೆವರು ಹರಿಸಿ ಮಾಡಲಾಗದ್ದನ್ನು ಈ ಸೋಮಾರಿಗಳು ಸುಳ್ಳು ಹೇಳಿ ಮಾಡಿ ಮುಗಿಸಿದ್ದರು.

ಸಂತೆಯ ಹಿಂದಿನ ದಿನ ತುಂಗವ್ವ ನನ್ನ ಪಕ್ಕ ಕುಳಿತು ರೊಟ್ಟಿಯ ಹಿಟ್ಟು ನಾದುತ್ತ ಮಾತು ತೆಗೆದಳು. “ಅಕ್ಕಾರ, ದಿನಾ ಹೇಳಿದಂಗ ನಾಳೆ ಕಟ್ಟಿ ಹತ್ರ ನೀವು ಅವರ ಹೆಂಡ್ತಿ ಅಂತ ಹೇಳಬ್ಯಾಡ್ರಿ.”

“ಹೇಳದಿದ್ರ?”

“ಹೇಳದಿದ್ರ ನೀವು ಹೆಂಡ್ತಿ ಅಲ್ಲ. ಬಸ್ಸು ಬರ್ತದ, ಸಮುದ್ರಕ್ಕ ಹೋಗ್ರಿ. ಅವರು ಇಲ್ಲೇ ಇರ್ತಾರ. ಈ ಊರಾಗ ಯಾರೂ ಉಪಾಸ ಮಲಗಂಗಿಲ್ಲ. ಇವತ್ತ ಇಲ್ಲೆ ಉಣ್ಣಲಿ, ನಾಳೆ ಕಾಶವ್ವನ ಮನ್ಯಾಗ ಉಣ್ಣಲಿ. ನಿಮ್ಮನ್ನ ಯಾರೂ ಏನೂ ಅನ್ನಂಗಿಲ್ಲ. ಪಾಪ, ನೀವರ ಎಷ್ಟು ದಿನ ಅಂತ...”

“ಪಾಪಗೀಪ ಅನಬ್ಯಾಡ,” ಎಂದೆ. “ಗಂಡನ್ನ ಗಿರಾಕಿ ಮಾಡಿ ಕೂಡಿಸಿದಾಕಿ ನೀನು ನನಗ ಹೇಳಾಕ ಬರ್ತೀಯೇನು?”

“ಹೌದ್ರಿ, ಗಿರಾಕಿ,” ಎಂದಳು ತುಂಗವ್ವ, ನಾದುವುದನ್ನು ನಿಲ್ಲಿಸದೆ. ಅವಳನ್ನು ಚುಚ್ಚುವುದೂ ಒಂದೇ, ಆ ಹಿಟ್ಟನ್ನು ಚುಚ್ಚುವುದೂ ಒಂದೇ.

ಆದರೆ ಅವಳ ಮಾತು ಹಲ್ಲಿನ ಸಂದಿಯ ಮಾವಿನ ನಾರಿನ ಹಾಗೆ ಸಿಕ್ಕಿಕೊಂಡಿತು. ಬೇಡವೆಂದರೂ ನಾಲಗೆ ಅಲ್ಲಿಗೇ ಹೋಗುತ್ತಿತ್ತು. ಬಟ್ಟೆ ಮಡಚುವಾಗ ನನ್ನ ಸೀರೆಗಳನ್ನೂ ಅವರ ಧೋತರಗಳನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿದೆ. ಒಂದು ಚೀಲ ಸಣ್ಣದಾಯಿತು, ಇನ್ನೊಂದು ಹಗುರವಾಯಿತು. ಯಾರಿಗೂ ಹೇಳಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಅವರೇ ಎಲ್ಲರೆದುರು ನನ್ನನ್ನು ಕೈಬಿಟ್ಟ ಮೇಲೆ ನಾನು ಬಿಟ್ಟು ಹೋದೆನೆಂದು ಯಾವ ಬಾಯಿ ಹೇಳೀತು? ಶಕುಂತಲಾಳ ಬಾಯಿ ಹೇಳುತ್ತಿತ್ತು. ಹೇಳಲಿ. ಬೇಕಾದರೆ ಅವಳೇ ಬಾಳೆಹಣ್ಣಿನ ಗೊನೆ ಹೊತ್ತುಕೊಂಡು ಬಂದು ಈ ಗಳದ ಮುಂದೆ ‘ನಾನು ತಂಗಿ’ ಎಂದು ನಿಂತುಕೊಳ್ಳಲಿ.

ಬೆಳಿಗ್ಗೆ ಕಟ್ಟೆಯ ಹತ್ತಿರ ಈರಣ್ಣ ನನ್ನ ಕಡೆ ತಿರುಗಿದ.

“ನಾನು ನೀಲಗಂಗಾ. ಕನ್ನಡ ಟೀಚರು,” ಎಂದೆ.

“ಅಷ್ಟಽ ಏನ್ರೀ?”

“ಅಷ್ಟೇ.”

“ಆತು.”

ಆಕಾಶ ಕಳಚಿ ಬೀಳಲಿಲ್ಲ. ಒಂದು ಕಾಗೆಯೂ ಹಾರಲಿಲ್ಲ. ನಮ್ಮವರು ನನ್ನ ಪಕ್ಕದಲ್ಲೇ ನಿಂತಿದ್ದರು, ಅವರಿಗೇನೂ ಆಗಲಿಲ್ಲ. ಅವರು ತಮ್ಮ ಸರದಿಗಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. “ನಾನು ಡ್ರೈವಿಂಗ್ ಕಲಸೋ ಚನ್ನಮಲ್ಲಪ್ಪ ಮಾಸ್ತರ,” ಎಂದರು ಗಟ್ಟಿಯಾಗಿ. ಆ ಊರಿಗೆ ಬಂದ ಮೇಲೆ ಮೊದಲ ಸಲ ನಿಜ ಹೇಳಿದ್ದರು. ನಾನು ಅರ್ಧ ನಿಜ ಹೇಳಿದ ದಿನವೇ ಆಗಬೇಕಿತ್ತೆ ಅದು!

ಕೂಡಲೇ ಕಲಿಯುವವರು ತಯಾರಾದರು. ಚಹಾದಂಗಡಿಯ ಮುಂದಿನ ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕುಳಿತರು: ತುಂಗವ್ವನ ಗಿರಾಕಿ, ಕಾಶವ್ವ, ದೇಸಾಯಿಯಾಗಿದ್ದ ಅಗಸ. ತುಂಗವ್ವ ಖಾನಾವಳಿಯಿಂದ ಪಾತ್ರೆಗಳ ಮುಚ್ಚಳ ತಂದು ಒಬ್ಬೊಬ್ಬರ ಕೈಗೂ ಕೊಟ್ಟಳು. ಮುಚ್ಚಳ ಹಿಡಿದು ಎಲ್ಲರೂ ಎಡಕ್ಕೂ ಬಲಕ್ಕೂ ತಿರುಗಿಸತೊಡಗಿದರು. ನಮ್ಮವರು ಕೈ ಹಿಂದೆ ಕಟ್ಟಿಕೊಂಡು ಅವರ ಮುಂದೆ ಅಡ್ಡಾಡಿದರು. ಬೆನ್ನು ನೆಟ್ಟಗಾಗಿತ್ತು. ದನಿಯಲ್ಲಿ ಹಳೆಯ ಗುಡುಗು ಬಂದಿತ್ತು. “ಕನ್ನಡಿ ನೋಡ್ರಿ ಮೊದಲ! ಹಿಂದ ಯಾರು ಬರಾಕತ್ಯಾರ ಗೊತ್ತಿರಬೇಕು!” ಎಂದರೆ ಕಾಶವ್ವ ಇಲ್ಲದ ಕನ್ನಡಿ ನೋಡಿ ಸೆರಗು ಸರಿಮಾಡಿಕೊಂಡಳು.

ಬಸ್ಸು ಬಂತು. ಡ್ರೈವರು ಆ ಊರಿನವನೇ, ಅವನೂ ಇಳಿದು ಚಹಾದ ಗ್ಲಾಸು ಹಿಡಿದು ಪಾಠ ಕೇಳುತ್ತ ನಿಂತ. ನಾನು ಹತ್ತಿ ಕಿಟಕಿಯ ಪಕ್ಕ ಕುಳಿತೆ. ನನ್ನ ಚೀಲವೊಂದೇ ಮಡಿಲಲ್ಲಿತ್ತು. ಅವರ ಚೀಲ ತುಂಗವ್ವನ ಹತ್ತಿರ ಬಿಟ್ಟಿದ್ದೆ. ಪಕ್ಕದ ಸೀಟು ಖಾಲಿ. ಎಷ್ಟು ವರ್ಷಗಳಾದ ಮೇಲೆ ಯಾರ ಕೈಯನ್ನೂ ಹಿಡಿದುಕೊಳ್ಳದೆ ಕುಳಿತಿದ್ದೆ! ಭುಜ ಹಗುರವಾಗಿ ತಾನೇ ಮೇಲೆದ್ದಿತು. ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಬಂದದ್ದು ನಿದ್ದೆ. ಅದನ್ನು ಮುಚ್ಚಿಟ್ಟು ಪ್ರಯೋಜನವೇನು? ಹಾಯಾಗಿತ್ತು.

ಕಣ್ಣು ಮುಚ್ಚುತ್ತಿದ್ದಾಗ ಕಿಟಕಿಯಿಂದ ನಮ್ಮವರ ದನಿ ಬಂತು.

“ಇಳಕಲು ಬಂತಂದ್ರ ಏನು ಮಾಡಬೇಕು? ಗೇರು ತೆಗದು ನ್ಯೂಟ್ರಲ್ ಮಾಡಿಬಿಡಬೇಕು. ಗಾಡಿ ತಾನಽ ಇಳೀತದ. ಆರಾಮ.”

ಕಣ್ಣು ಬಿಟ್ಟೆ. ಒಬ್ಬ ವಿದ್ಯಾರ್ಥಿ ಇಳಿಜಾರಿನಲ್ಲಿ ಹೀಗೆ ಮಾಡಿದ್ದಕ್ಕೆ ಅವನನ್ನು ಕುತ್ತಿಗೆ ಹಿಡಿದು ಜೀಪಿನಿಂದಿಳಿಸಿ, ಊರವರೆಗೆ ನಡೆದುಕೊಂಡು ಬಾ ಎಂದವರು ಇವರು! ಬೆಂಚಿನ ಮೇಲಿನವರೆಲ್ಲ ತಲೆಯಾಡಿಸಿದರು. ಮುಚ್ಚಳಗಳು ಆರಾಮವಾಗಿ ಇಳಿಜಾರು ಇಳಿದವು. ಚಹಾದ ಗ್ಲಾಸು ಹಿಡಿದ ಡ್ರೈವರೂ ತಲೆಯಾಡಿಸಿದ. “ಹೌದ್ರಿ ಮಾಸ್ತರ. ಇವತ್ತ ನಾನೂ ಹಂಗಽ ಇಳಸ್ತೀನಿ,” ಎಂದ.

ನನ್ನ ಜೀವಕ್ಕೆ ಹೆದರಿ ಬಸ್ಸಿನಿಂದ ಇಳಿದೆ ಎಂದು ಹೇಳಿದರೆ ಮರ್ಯಾದೆ ಉಳಿಯುತ್ತದೆ. ಆದರೆ ಹೆದರಿಕೆ ಬಂದದ್ದು ಆಮೇಲೆ. ಮೊದಲು ಬಂದದ್ದು ಸಿಟ್ಟು. ಇಷ್ಟು ದೊಡ್ಡ ತಪ್ಪು, ಅದೂ ಅವರ ಬಾಯಿಂದ, ಮತ್ತು ಇಡೀ ಊರಿನಲ್ಲಿ ಅದನ್ನು ತಪ್ಪು ಎನ್ನುವ ಒಂದು ನರಪಿಳ್ಳೆ ಇಲ್ಲ! ಇನ್ನು ಮುಂದೆಯೂ ಇರುವುದಿಲ್ಲ. ನಾಳೆ ಅವರು ಬೆಂಕಿ ತಣ್ಣಗಿದೆ ಎಂದರೂ ಇವರು ‘ಹೌದ್ರಿ ಮಾಸ್ತರ’ ಎನ್ನುತ್ತಾರೆ. ಬಾವಿಯ ಮೇಲೆ ನಡೆಯುತ್ತೇನೆ ಎಂದರೆ ದಾರಿ ಬಿಟ್ಟು ನಿಲ್ಲುತ್ತಾರೆ, ನಗುತ್ತ.

“ತಪ್ಪು!” ಎಂದು ಕೂಗಿದೆ. ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ.

ಬೆಂಚಿನ ಮೇಲೆ ಮುಚ್ಚಳ ತಿರುಗುವುದು ನಿಂತಿತು. ಆ ಶಬ್ದವನ್ನು ಆ ಊರು ಬಹಳ ಕಾಲದಿಂದ ಕೇಳಿರಲಿಲ್ಲವೆಂದು ಕಾಣುತ್ತದೆ. ನಾಯಿಯೊಂದು ಎದ್ದು ಕುಳಿತಿತು.

“ಯಾರದು ತಪ್ಪು?” ಎಂದರು ನಮ್ಮವರು, ಹುಬ್ಬು ಗಂಟಿಕ್ಕಿ.

“ನಿಮ್ಮದು. ಇಳಕಲಿನ್ಯಾಗ ನ್ಯೂಟ್ರಲ್ ಮಾಡಿದ್ರ ಬ್ರೇಕ್ ಕಾದು ಸುಟ್ಟು ಹೋಗ್ತಾವ. ಗಾಡಿ ಕಂದಕಕ್ಕ ಬೀಳ್ತದ. ಇಷ್ಟು ಗೊತ್ತಿಲ್ಲದಽ ಮಾಸ್ತರಿಕಿ ಮಾಡ್ತೀರಿ?”

“ನೀ ಹೇಳ್ತೀ ನನಗ?” ಅವರ ಮುಖ ಕೆಂಪಗಾಯಿತು. ‘ನೀವು’ ಹೋಗಿತ್ತು, ‘ಅಕ್ಕಾರ’ ಹೋಗಿತ್ತು. “ನಿನಗ ಕ್ಲಚ್ ಯಾವ ಕಾಲಿಗೆ ಬರ್ತದ ಗೊತ್ತೈತೇನು? ತಲಿ ಬಡಕೊಂಡು ಕಲಿಸಿದೆ. ಕಲತೇನು? ಹೋಗಿ ಡೇರಿ ಗ್ವಾಡಿಗೆ ಬಡದಿ!”

“ಡೇರಿ ಅಲ್ಲ, ಪೋಸ್ಟಾಫೀಸಿನ ಗ್ವಾಡಿ!”

“ಡೇರಿ! ಹಾಲಿನ ಕ್ಯಾನು ಉರಳಿದ್ವು. ಆ ಡೇರಿಯವ ನನ್ನ ಕಾಲರ್ ಹಿಡದ, ನೀ ಜೀಪಿನ್ಯಾಗ ಕೂತು ಹಾರ್ನ್ ಬಾರಸಾಕತ್ತಿದ್ದಿ!”

“ಬ್ರೇಕ್ ಅನ್ನೂ ಬದಲಿ ನೀವು ‘ಏ, ಏ, ಏ’ ಅಂದ್ರ ನಾ ಏನು ಮಾಡ್ಲಿ? ಕಲಸೋ ರೀತಿನಽ ಅದು?”

“ಮತ್ತ ಈಗ ನ್ಯೂಟ್ರಲ್ ಬಗ್ಗೆ ಬಾಯಿ ಮಾಡ್ತಾಳ! ಇಳಕಲಿನ್ಯಾಗ ಗೇರಿನ್ಯಾಗಽ ಇರಬೇಕಂತ ನಿನಗ ಹೇಳಿದಾಂವ ನಾನು. ನನ್ನ ಪಾಠಾ ನನಗಽ ತಿರುಗಿ ಹೇಳ್ತೀಯೇನು?” ಅವರು ಗರ್ರನೆ ಬೆಂಚಿನ ಕಡೆ ತಿರುಗಿದರು. “ಕೇಳ್ರಿಲ್ಲೆ! ಇಳಕಲಿನ್ಯಾಗ ಯಾಂವರ ನ್ಯೂಟ್ರಲ್ ಮಾಡಿದ್ರ ಕಪಾಳಕ್ಕ ಬಾರಸ್ತೀನಿ!”

“ಹೌದ್ರಿ ಮಾಸ್ತರ,” ಎಂದರು ಬೆಂಚಿನವರೆಲ್ಲ, ಮೊದಲಿನಷ್ಟೇ ವಿನಯದಿಂದ. ಡ್ರೈವರೂ ಎಂದ. ಬೆನ್ನೆಲುಬಿಲ್ಲದ ಜನ.

ಆದರೆ ಸಂತೆಗೆ ಬಂದವರು ಬುಟ್ಟಿ ಇಳಿಸಿ ನಿಂತಿದ್ದರು. ತುಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿದ್ದಳು. ಅವಳ ಗಿರಾಕಿ ಮುಚ್ಚಳವನ್ನು ಎದೆಗವಚಿಕೊಂಡು ನಮ್ಮಿಬ್ಬರನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ; ಆಮೇಲೆ ನಿಧಾನವಾಗಿ ತಲೆಯೆತ್ತಿ ತುಂಗವ್ವನನ್ನು ನೋಡಿದ. ಅವಳು ನೆಲ ನೋಡಿದಳು. ಹಸಿದವರು ಮಿಠಾಯಿ ಅಂಗಡಿಯ ಮುಂದೆ ನಿಂತ ಹಾಗೆ ನಿಂತಿದ್ದರು ಎಲ್ಲರೂ. ಕಾಸು ಕೊಟ್ಟರೂ ಆ ಊರಿನಲ್ಲಿ ಸಿಗದ ಪದಾರ್ಥ ನಮ್ಮದು.

ಈರಣ್ಣ ಟೋಪಿ ಸರಿಮಾಡಿಕೊಂಡು ನಮ್ಮ ನಡುವೆ ಬಂದ. “ಮಾಸ್ತರ, ಇವರು ಯಾರ್ರೀ?”

ನಮ್ಮವರು ನನ್ನನ್ನು ನೋಡಿದರು. ಸಿಟ್ಟಿನ ಉಸಿರು ಇನ್ನೂ ಇಳಿದಿರಲಿಲ್ಲ. ನೋಡುತ್ತ ನೋಡುತ್ತ ಕಣ್ಣಿನಲ್ಲಿ ಆ ಹಳೆಯ ಮಬ್ಬು ಕವಿಯತೊಡಗಿತು. ಬಾಯಿ ಏನೋ ಶಬ್ದಕ್ಕೆ ತಡಕಾಡಿತು. ಹೆಸರು ಬರಲಿಲ್ಲ. ಇನ್ನೊಂದು ಶಬ್ದವೂ ಬರಲಿಲ್ಲ. ನಾನು ತುಟಿ ಕಚ್ಚಿಕೊಂಡು ನಿಂತೆ, ಪರೀಕ್ಷೆಯ ಕೋಣೆಯಲ್ಲಿ ಮಕ್ಕಳಿಗೆ ಉತ್ತರ ಹೇಳಿಕೊಡಬಾರದೆಂದು ನಿಲ್ಲುತ್ತಿದ್ದ ಹಾಗೆ. ಅಂಥ ಕಷ್ಟ ಯಾವ ಪರೀಕ್ಷೆಯಲ್ಲೂ ಪಟ್ಟಿರಲಿಲ್ಲ.

“ಇಕಿ...” ಎಂದರು. “ಇಕಿ ನನ್ನ ಜೋಡಿ ಜಗಳಾ ಆಡಾಕಿ.”

ಈರಣ್ಣ ನನ್ನ ಕಡೆ ತಿರುಗಿದ. “ನೀವು ಇವರ ಜೋಡಿ ಜಗಳಾ ಆಡೋರೇನ್ರೀ?”

ನಾನು ಯಾರೆಂದು ಬೆಳಿಗ್ಗೆ ಹೇಳಿ ಮುಗಿಸಿದ್ದೆ. ಒಂದೇ ದಿನದಲ್ಲಿ ಎರಡು ಸಲ ಹೇಳುವ ಪದ್ಧತಿ ಅಲ್ಲಿತ್ತೋ ಇಲ್ಲವೋ ಕೇಳಲಿಲ್ಲ.

“ಹೌದು,” ಎಂದೆ. “ಆಕೀನಽ ನಾನು.”

“ಮಾತು ಕೂಡಿತು,” ಎಂದ ಈರಣ್ಣ, ಮತ್ತು ಹೋಗಿ ಬಿದಿರಿನ ಗಳ ಎತ್ತಿದ.

ತುಂಗವ್ವ ಅವರ ಚೀಲ ತಂದುಕೊಟ್ಟಳು, ಮೇಲೆ ನಾಲ್ಕು ರೊಟ್ಟಿ ಕಟ್ಟಿಟ್ಟಿದ್ದಳು. ನನ್ನ ಕೈ ಹಿಡಿದು ಏನೋ ಹೇಳಹೊರಟಳು. ಮತ್ತೆ ಪಾಪ ಎನ್ನುತ್ತಾಳೆಂದು ನಾನು ಕೈ ಬಿಡಿಸಿಕೊಂಡೆ. ಅವಳು ಅನ್ನಲಿಲ್ಲ. “ಆ ಹಲಗಿ ಸರಿ ಮಾಡಸ್ತೀನಿ ಅಕ್ಕಾರ,” ಎಂದಳು. ಮಾಡಿಸಿರಲಾರಳು. ಅವಳ ಹಿಂದಿನಿಂದ ಗಿರಾಕಿ, ಇನ್ನೂ ಮುಚ್ಚಳ ಹಿಡಿದುಕೊಂಡೇ, “ಝುಣಕಕ್ಕ ದಿನಾ ಉಪ್ಪು ಕಡಿಮಿ ಹಾಕ್ತೀ ನೀ” ಎಂದದ್ದು ಕೇಳಿಸಿತು. ತುಂಗವ್ವ ಸರ್ರನೆ ಹಿಂದಕ್ಕೆ ತಿರುಗಿದಳು. ಅವಳೇನಂದಳೆಂದು ಕೇಳಲು ಬಸ್ಸು ಕಾಯಲಿಲ್ಲ.

ನಮ್ಮವರು ಕಿಟಕಿಯ ಸೀಟು ತಮಗೇ ಬೇಕೆಂದು ಹಟ ಹಿಡಿದರು, ನಾನು ಬಿಡಲಿಲ್ಲ. ಬಸ್ಸು ಮೊದಲ ತಿರುವಿಗೆ ಇಳಿಯಿತು. ಗೇರಿನಲ್ಲೇ ಇಳಿಯಿತು, ಎಂಜಿನ್ನು ಗುರುಗುಟ್ಟುತ್ತ. ನಾನು ಡ್ರೈವರನ ಎಡಗೈ ಮೇಲೆ ಕಣ್ಣಿಟ್ಟಿದ್ದೆ. ಸ್ವಲ್ಪ ದೂರ ಹೋದ ಮೇಲೆ ನಮ್ಮವರು ನನ್ನ ಕಡೆ ತಿರುಗಿ, “ನಾವು ಎಲ್ಲಿಗೆ ಹೊಂಟೀವ್ರೀ?” ಎಂದು ಕೇಳಿದರು. ‘ರೀ’ ವಾಪಸು ಬಂದಿತ್ತು. ಹೇಳಿದೆ. ಅವರು ತಲೆಯಾಡಿಸಿ ಹೊರಗೆ ನೋಡಿದರು. ಇನ್ನೆರಡು ತಿರುವು ದಾಟಿದವು. ನಾನು ರೊಟ್ಟಿಯ ಗಂಟು ಬಿಚ್ಚುತ್ತಿದ್ದೆ.

“ಡೇರಿ ಗ್ವಾಡಿ,” ಎಂದರು ಅವರು ಇದ್ದಕ್ಕಿದ್ದ ಹಾಗೆ, ಯಾರಿಗೂ ಅಲ್ಲ ಎಂಬಂತೆ.

ಅದು ಯಾವ ಗೋಡೆಯೆಂದು, ಖರೆ ಹೇಳಬೇಕೆಂದರೆ, ನನಗೂ ಸರಿಯಾಗಿ ನೆನಪಿಲ್ಲ. ಅದನ್ನು ಅವರಿಗೆ ಹೇಳುವ ಅಗತ್ಯವಿರಲಿಲ್ಲ.

“ಪೋಸ್ಟಾಫೀಸು,” ಎಂದೆ.